ಬೋರ್ಡಿನ ಮೇಲೆ ಕಡಲಿನ ಹೊತ್ತು

ಮಾಧವನ ಹೆಸರು ಜಯಂತಿಯ ಕಿವಿಗೆ ಮೊದಲು ಬಿದ್ದದ್ದು ಗಂಡನ ವರ್ಷಾಂತದ ತಿಥಿ ಮುಗಿದ ಮರುದಿನ. ಅಹಮದಾಬಾದಿನ ನವರಂಗಪುರದಲ್ಲಿ ಅವಳಿದ್ದ ಒಂದೇ ಕೋಣೆಗೆ ಊರ ಕಡೆಯ ಪದ್ಮನಾಭರಾಯರು ಬಂದು, ಚಾಪೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಸೂರತ್‌ನಿಂದ ಹಜೀರಾಕ್ಕೆ ಹೋಗುವ ರಸ್ತೆಯಲ್ಲಿ ಅವರದೊಂದು ಉಡುಪಿ ಹೋಟೆಲು. ಮಸಾಲೆ ಹುರಿದು ರುಬ್ಬಲು ಒಂದು ಪಳಗಿದ ಕೈ ಬೇಕಾಗಿತ್ತು. ಜಯಂತಿಗೂ ಒಂದು ಒಲೆಯ ಆಸರೆ ಬೇಕಾಗಿತ್ತು.

"ಅಲ್ಲಿ ಮಾಧವ ಅಂತ ಒಬ್ಬ ಇದ್ದಾನೆ ಜಯಂತಕ್ಕ, ಕೋಟದ ಹತ್ರದವ. ಅವನ ಸಾಂಬಾರು ಉಂಡವ ಕೈ ತೊಳೀಲಿಕ್ಕೆ ಹಿಂದೆಮುಂದೆ ನೋಡ್ತಾನೆ. ಒಂದೇ ತಾಪತ್ರಯ ಮಾರಾಯ್ರೆ, ತಿಂಡಿ ಬರೆಯುವ ಬೋರ್ಡಿನಲ್ಲಿ ಕಡಲಿನ ಟೈಮ್‌ಟೇಬಲ್ ಬರೀತಾನೆ."

ಕಡಲಿಗೆಂತ ಟೈಮ್‌ಟೇಬಲ್ ಎಂದು ಜಯಂತಿ ನಕ್ಕಿದ್ದಳು. ಗಂಡ ಹೋದ ಮೇಲೆ ನಕ್ಕದ್ದು ಅದೇ ಮೊದಲು, ಆದ್ದರಿಂದ ಅವಳಿಗೆ ಆ ದಿನ ಚೆನ್ನಾಗಿ ನೆನಪಿದೆ.

ಹೋಗಿ ನೋಡಿದರೆ ಮಾತು ನಿಜ. ಇಡ್ಲಿ, ವಡೆ, ಪೂರಿ ಸಾಗು ಎಂದು ಬರೆದ ಕೆಳಗೆ ದಿನಕ್ಕೆ ನಾಲ್ಕು ಹೊತ್ತು, ನೀರು ಏರಿ ನಿಲ್ಲುವುದು ಎರಡು, ಇಳಿದು ನಿಲ್ಲುವುದು ಎರಡು. ಇವತ್ತಿನ ಹೊತ್ತಿಗಿಂತ ನಾಳೆಯದು ಹೆಚ್ಚುಕಡಿಮೆ ಐವತ್ತು ನಿಮಿಷ ತಡ. ಲಾರಿಯವನೊಬ್ಬ ಅದನ್ನು ತಿಂಡಿಯ ಹೊತ್ತೆಂದು ತಿಳಿದು, ಸರಿಯಾಗಿ ಮೂರು ಇಪ್ಪತ್ತಕ್ಕೆ ಬಂದು ಬಿಸಿಬಿಸಿ ಏನು ಬರುತ್ತದೆ ಎಂದು ಕೇಳಿದ. "ದರಿಯಾ" ಅಂದ ಮಾಧವ. ಸಮುದ್ರ ಬರುತ್ತದೆ ಎಂದು. ಲಾರಿಯವನು ಚಹಾ ಕುಡಿದು ಹೋದ.

ಮಾಧವ ಐವತ್ತರ ಹತ್ತಿರದ, ತೆಳ್ಳಗಿನ, ಮದುವೆಯಾಗದ ಮನುಷ್ಯ. ಜಯಂತಿಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವನು. ಬಂದರಿನ ಗುಮಾಸ್ತನೊಬ್ಬ ಊಟಕ್ಕೆ ಬರುವಾಗ ತಂದುಕೊಟ್ಟ ಉಬ್ಬರವಿಳಿತದ ಪುಸ್ತಕ ಅವನ ಬಳಿ ಇತ್ತು. ಅದಕ್ಕೆ ಎಣ್ಣೆಕೈ ತಾಗದಂತೆ ಹಳೆಯ ಪಂಚೆಯಲ್ಲಿ ಸುತ್ತಿ ಸಕ್ಕರೆ ಡಬ್ಬಿಯ ಮೇಲೆ ಇಡುತ್ತಿದ್ದ. ತೆಂಗಿನಕಾಯಿ ತುರಿಯುತ್ತ ತುರಿಯುತ್ತ ಅವನು ಹೇಳಿದ ಸಂಗತಿಗಳು ಒಂದೆರಡಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಜಯಂತಿಗೆ ಭೂಮಿ ಉರುಟಾಗಿದೆ ಎನ್ನುವುದಷ್ಟೇ ಗೊತ್ತಿತ್ತು. ನಮ್ಮ ಮಲ್ಪೆಯಲ್ಲಿ ನೀರು ಏರಿದರೆ ಎದೆಮಟ್ಟ. ಇಲ್ಲಿ ಖಂಭಾತದ ಕೊಲ್ಲಿ ಆಲಿಕೆಯ ಹಾಗೆ ಕಿರಿದಾಗುತ್ತ ಹೋಗುವುದರಿಂದ ನುಗ್ಗಿದ ನೀರಿಗೆ ಅಗಲ ಸಾಲದೆ ಎತ್ತರಕ್ಕೆ ಏಳುತ್ತದೆ, ಎರಡು ಮಹಡಿಯ ಮನೆಯಷ್ಟು. ಕೆನಡಾ ದೇಶದ ಒಂದು ಕೊಲ್ಲಿಯಲ್ಲಿ ಇದಕ್ಕೂ ಎತ್ತರ. ಗುರುಗ್ರಹದ ಒಂದು ಚಂದ್ರನಲ್ಲಂತೂ ನೀರಲ್ಲ, ನೆಲವೇ ಉಬ್ಬಿ ಇಳಿಯುತ್ತದೆ. ನಮ್ಮ ಚಂದ್ರ ನಮ್ಮ ಉಗುರು ಬೆಳೆಯುವಷ್ಟೇ ಮೆಲ್ಲಗೆ ವರ್ಷ ವರ್ಷವೂ ದೂರ ಸರಿಯುತ್ತಿದ್ದಾನೆ.

"ಶುಕ್ರನಿಗೆ ಚಂದ್ರನೇ ಇಲ್ಲ ಜಯಂತಕ್ಕ. ಅಲ್ಲಿ ಕಡಲೂ ಇಲ್ಲ. ಯಾರೂ ಮುಳುಗುದಿಲ್ಲ" ಎಂದ ಒಂದು ದಿನ. ಹೇಳಿದ ಧ್ವನಿ ಕೇಳಿ ಅವಳು ಒನಕೆ ನಿಲ್ಲಿಸಿದಳು. ಮತ್ತೆ ಅವನೇ ಎಲ್ಲ ಹೇಳಿದ.

ಜಯಂತಿ ಬರುವುದಕ್ಕೆ ಎಂಟು ವರ್ಷ ಮೊದಲು ಅವನ ತಮ್ಮ ಗಿರಿಧರ ಇದೇ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದ. ಊರಲ್ಲಿ ಹೆಂಡತಿ ಲಕ್ಷ್ಮಿ, ಮದುವೆಯಾಗಿ ಎರಡು ವರ್ಷ. ಅಣ್ಣತಮ್ಮ ಇಬ್ಬರೂ ಸೂರತ್‌ಗೆ ಬಂದ ಮೊದಲ ವರ್ಷದ ಮಹಾಲಯ ಅಮಾವಾಸ್ಯೆ. ಅಪ್ಪನಿಗೆ ತರ್ಪಣ ಬಿಡುವ ಮೊದಲು ಸಮುದ್ರಸ್ನಾನ ಮಾಡುವುದು ಮನೆಯ ಕ್ರಮ. ಗಿರಿಧರ ಕೇಳಿದ, ಅಣ್ಣ, ಯಾವಾಗ ಹೋಗುವ ಎಂದು. ಅಮಾವಾಸ್ಯೆ ಹುಣ್ಣಿಮೆಗೆ ಮಧ್ಯಾಹ್ನ ಭರತ, ಅಂದರೆ ನೀರು ತುಂಬಿ ನಿಲ್ಲುವುದು, ಆಮೇಲೆ ಸಂಜೆಯವರೆಗೆ ಇಳಿತ. ನಮ್ಮ ಕರಾವಳಿಯಲ್ಲಿ ಹುಟ್ಟಿದ ಯಾರನ್ನು ಕೇಳಿದರೂ ಹೀಗೇ ಹೇಳಿಯಾರು. ಮಾಧವನೂ ಹಾಗೇ ಹೇಳಿದ. ಇಬ್ಬರೂ ಹನ್ನೆರಡಕ್ಕೆ ದಂಡೆ ಮುಟ್ಟಿದರು. ಕೆಸರು ಎಷ್ಟು ದೂರಕ್ಕೆ ಹಾಸಿತ್ತೆಂದರೆ ನೀರು ಒಂದು ಬಿಳಿ ಗೀಟಿನ ಹಾಗೆ ಕಾಣುತ್ತಿತ್ತು. ತುಂಬಿ ನಿಂತಾಗಲೇ ಇಷ್ಟು ದೂರವಿದ್ದರೆ ಇನ್ನು ಇಳಿಯುವುದು ಬಾಕಿ, ಹೆದರಿಕೆಯೇನು ಎಂದುಕೊಂಡರು. ಎಳ್ಳು, ದರ್ಭೆಗೆ ನಾಯಿ ಬಾಯಿ ಹಾಕದಂತೆ ಒಬ್ಬ ಕೂರಬೇಕಿತ್ತು. ನೀ ಮೊದಲು ಮಿಂದು ಬಾ ಎಂದು ಮಾಧವ ತಮ್ಮನನ್ನು ಕಳಿಸಿದ.

ಚಂದ್ರ ಎಲ್ಲ ಕಡೆಗೂ ಒಬ್ಬನೇ, ನೀರು ತಲುಪುವ ಹೊತ್ತು ಮಾತ್ರ ಊರಿಗೊಂದು. ಇಲ್ಲಿ ಅಮಾವಾಸ್ಯೆಯ ಭರತ ಮಧ್ಯಾಹ್ನಕ್ಕಲ್ಲ, ಮೂರರ ಸುಮಾರಿಗೆ. ಹನ್ನೆರಡೆಂದರೆ ನೀರು ಅತಿ ವೇಗದಲ್ಲಿ ಏರುವ ಹೊತ್ತು. ಅದರಲ್ಲೂ ಮಹಾಲಯದ ಆಸುಪಾಸಿನ ಅಮಾವಾಸ್ಯೆಯದು ವರ್ಷದ ದೊಡ್ಡ ನೀರುಗಳಲ್ಲೊಂದು. ಅದು ಎದುರಿನಿಂದ ಬರಲಿಲ್ಲ. ಅವನ ಬೆನ್ನ ಹಿಂದೆ, ಕೆಸರು ಕೊರೆದ ತೋಡು ಕಾಲುವೆಗಳಲ್ಲಿ ಸದ್ದಿಲ್ಲದೆ ತುಂಬಿ, ಗಿರಿಧರನಿಗೂ ದಂಡೆಗೂ ನಡುವೆ ನಿಂತಿತು. ಅವನು ಮೊಣಕಾಲವರೆಗೆ ಕೆಸರಲ್ಲಿ ಹೂತು ಕೈ ಬೀಸಿದ. ಸ್ನಾನಕ್ಕೆ ಕರೆಯುತ್ತಾನೆಂದು ಮಾಧವನೂ ಕೈ ಬೀಸಿದ.

ಹೆಣ ಸಿಗಲಿಲ್ಲ.

ಊರಿನವರಿಗೆ ಗೊತ್ತಿದ್ದದ್ದು ಬೇರೆ. ಹುಡುಗಾಟದ ಗಿರಿಧರ ಅಣ್ಣನ ಮಾತು ಕೇಳದೆ ಕಡಲಿಗಿಳಿದ ಎಂದು ಯಾರೋ ಮೊದಲ ದಿನವೇ ಹೇಳಿದ್ದರು. ಮಾಧವ ಅಲ್ಲ ಎನ್ನಲಿಲ್ಲ. ಆಗ ಬಾಯಿ ಬರಲಿಲ್ಲ, ಆಮೇಲೆ ಹೊತ್ತು ಮೀರಿತು. ಪ್ರತಿ ವರ್ಷ ಊರಿಗೆ ಹೋಗುವಾಗ ಈ ಸಲ ಲಕ್ಷ್ಮಿಗೆ ಹೇಳಿಯೇ ಬರುತ್ತೇನೆ ಎಂದು ಹೋಗುತ್ತಿದ್ದ. ಅವಳು ಎಲೆ ಹಾಕಿ ಬಡಿಸುತ್ತ, ನಿಮ್ಮ ಮಾತು ಒಂದು ಕೇಳಿದ್ದರೆ ಇವತ್ತು ಅವರೂ ಇಲ್ಲೇ ಉಣ್ಣುತ್ತಿದ್ದರು ಭಾವ, ಎನ್ನುತ್ತಿದ್ದಳಂತೆ. ಮರಳಿ ಬಂದವನಿಗೆ ಜಯಂತಿ ಎಂತಾಯ್ತು ಎಂದು ಕೇಳುವುದು, ಅವನು ತಲೆ ಅಲ್ಲಾಡಿಸಿ ಒಲೆ ಹಚ್ಚುವುದು. ಹನ್ನೊಂದು ವರ್ಷ ಇದೇ ನಡೆಯಿತು.

ಬೋರ್ಡನ್ನು ಓದಿ ಪ್ರಾಣ ಉಳಿಸಿಕೊಂಡವರು ಒಬ್ಬರಾದರೂ ಇದ್ದರೋ ಇಲ್ಲವೋ. ಒಮ್ಮೆ ಕಂಪನಿ ಕಾಲೊನಿಯ ಒಂದು ಕನ್ನಡದ ಸಂಸಾರ ತಿಂಡಿ ತಿಂದು ಕಡಲ ಕಡೆ ಹೊರಟಿತು. ಮಾಧವ ಕಾವಲಿಯ ಮೇಲೆ ದೋಸೆ ಸೀಯಲು ಬಿಟ್ಟು ಓಡಿ, ಈಗ ಬೇಡಿ, ನೀರು ಏರುವ ಹೊತ್ತು ಎಂದು ಅಡ್ಡ ನಿಂತ. ಅವರು ನಕ್ಕು ಹೋದರು. ಸಂಜೆ ಮರಳಿ ಬಂದು, ಏನ್ರೀ, ನಿಮ್ಮ ಸಮುದ್ರ ನಮ್ಮನ್ನು ಮಾತಾಡಿಸಲೇ ಇಲ್ಲ ಎಂದು ಗೇಲಿ ಮಾಡಿದರು. ಪದ್ಮನಾಭರಾಯರಿಗೆ ಸಿಟ್ಟು ಬಂದು ಬೋರ್ಡು ಒರೆಸಿದರು. ಮಾಧವ ಆ ಸಂಸಾರದ ಟೇಬಲ್ಲಿಗೆ ತಾನೇ ಕಾಫಿ ಇಟ್ಟು ಬಂದ.

"ದಿನಾ ಹೀಗೇ ಬಂದು ನಗಲಿ ಜಯಂತಕ್ಕ" ಎಂದ. ಮರುದಿನ ಮತ್ತೆ ಬರೆದ.

ಕಳೆದ ವರ್ಷ ಮಹಾಲಯಕ್ಕೆ ಎಂಟು ದಿನ ಇರುವಾಗ, ಮಾಧವ ಚಟ್ನಿಯ ಪಾತ್ರೆ ಹಿಡಿದುಕೊಂಡೇ ಕುಸಿದು ಬಿದ್ದ. ಎಡಗೈ, ಎಡಗಾಲು ಹೋದವು. ಮಾತು ತೊದಲಿತು. ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಜಯಂತಿ ದಿನವೂ ಗಂಜಿ ಕುಡಿಸಿ ಬಂದಳು. ಲಕ್ಷ್ಮಿ ಫೋನಿನಲ್ಲಿ ಅತ್ತಳು. ಭಾವ, ನೀವು ಮಾತಾಡಿ ದಣಿಯಬೇಡಿ, ನಿಮ್ಮಂಥವರಿಗೆ ಹೀಗಾಗಬಾರದಿತ್ತು ಎಂದಳು. ಜಯಂತಿ ಫೋನನ್ನು ಅವನ ಕಿವಿಗೆ ಹಿಡಿದಿದ್ದಳು. ಬಾಯಿ ತೆರೆದ, ಗಂಟಲಿಂದ ಗೊರಗೊರ ಸದ್ದು ಮಾತ್ರ ಬಂತು. ಅತ್ತ ಲಕ್ಷ್ಮಿ ಇನ್ನೂ ಜೋರಾಗಿ ಅತ್ತಳು.

ಮೂರನೆಯ ದಿನ ಮಧ್ಯಾಹ್ನ ಮಾತು ಸ್ವಲ್ಪ ತಿಳಿಯಾಯಿತು. ಬಲಗೈಯಿಂದ ಅವಳ ಸೆರಗು ಹಿಡಿದ.

"ನೀವೇ ಹೋಗಿ. ಫೋನಿನಲ್ಲಿ ಬೇಡ. ಲಕ್ಷ್ಮಿಯ ಎದುರು ಕೂತು ಹೇಳಿ."

ಜಯಂತಿಯ ಎಪ್ಪತ್ತು ದಾಟಿದ ಮೊಣಕಾಲು, ಅಷ್ಟು ದೂರದ ರೈಲು, ಅದೆಲ್ಲ ಹೇಗೋ ಆದೀತು. ಹತ್ತೊಂಬತ್ತು ವರ್ಷ ಸತ್ತವನನ್ನು ಬೈದುಕೊಂಡು, ಇದ್ದವನನ್ನು ನಂಬಿಕೊಂಡು ಬದುಕಿದ ಹೆಂಗಸಿನ ಎದುರು ಕೂತು ಯಾವ ಬಾಯಲ್ಲಿ ಹೇಳುವುದು? ಹೇಳದಿದ್ದರೆ ಆ ಗಿರಿಧರ ಎಂದೆಂದಿಗೂ ಮಾತು ಕೇಳದವನಾಗಿಯೇ ಉಳಿದ. ನೀನೇ ಗುಣವಾಗಿ ಹೋಗಿ ಹೇಳು ಎನ್ನಲು ಹೊರಟಳು. ಅವನ ಮುಖ ನೋಡಿ ಆ ಸುಳ್ಳು ಬಾಯಿಗೆ ಬರಲಿಲ್ಲ. ಆಯ್ತು ಎನ್ನಲೂ ಧೈರ್ಯವಾಗಲಿಲ್ಲ. ಕೊಲ್ಲಿಯ ನೀರು ಬೇರೆ, ಯಾರಾದರೂ ಹಾಗೇ ಹೇಳುತ್ತಿದ್ದರು ಎಂದು ವಿವರಿಸಿದರೆ ಅವಳಿಗೆ ಅರ್ಥವಾದೀತೇ ಎಂದಷ್ಟೇ ಕೇಳಿದಳು.

ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ಚಂದ್ರ, ಕೊಲ್ಲಿ, ಎಂತದೂ ಹೇಳ್ಬೇಡಿ ಜಯಂತಕ್ಕ. ಅಣ್ಣ ಹೋಗು ಅಂದ, ತಮ್ಮ ಹೋದ. ಅಷ್ಟೇ ಹೇಳ್ತೀರಾ?"