ಅಂಬಕ್ಕ ಜರ್ಬಿಲ್‌ಗೆ ನೀರೆರೆದದ್ದು

ಮರಾಠಿ ಸೀಮೆಯ ಖಡಕಿಯಲ್ಲಿದ್ದ ಕನ್ನಡದ ಮನೆಗಳಲ್ಲಿ ಕೂಸು ಹುಟ್ಟಿತೆಂದರೆ ಮೊದಲ ಫೋನು ಹೋಗುತ್ತಿದ್ದದ್ದು ಅಂಬಕ್ಕನಿಗೆ. ಧಾರವಾಡದಿಂದ ಮದುವೆಯಾಗಿ ಬಂದವರು. ಕಾರ್ಖಾನೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಬಾಣಂತಿ, ಕೂಸುಗಳಿಗೆ ಎಣ್ಣೆ ಹಚ್ಚಿ ನೀರೆರೆಯುವ ಕೆಲಸ ಹಿಡಿದು ಇಪ್ಪತ್ತೆಂಟು ವರ್ಷ ಮಾಡಿದರು. ನನ್ನ ಇಬ್ಬರು ಮಕ್ಕಳೂ ಅವರು ಚಾಚಿದ ಕಾಲ ಮೇಲೆ ಮಲಗಿಯೇ ಜಳಕ ಕಂಡವರು. ಮುಷ್ಟಿ ಬಿಗಿ ಹಿಡಿದರೆ ಹಸಿವು, ಮೊಣಕಾಲು ಹೊಟ್ಟೆಗೆ ಎಳೆದುಕೊಂಡರೆ ವಾಯು, ಕಿವಿ ಉಜ್ಜಿಕೊಂಡರೆ ನಿದ್ದೆ. ಕೂಸಿನ ಮೈ ಏನು ಹೇಳುತ್ತಿದೆ ಎಂಬುದು ಹೆತ್ತವಳಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ದುಡಿದು ಗಳಿಸಿದ ಜಂಬ.

ಈಚೆಗೆ ಕಾಲುನೋವಿನಿಂದ ಕೆಲಸ ಬಿಟ್ಟಿದ್ದರು. ಮಗ ಓಂಕಾರ್, ಸೊಸೆ ಸುರಭಿ ಇಬ್ಬರಿಗೂ ಪಿಂಪ್ರಿಯಲ್ಲಿ ನೌಕರಿ. ಏಳು ವರ್ಷದ ಮೊಮ್ಮಗಳು ಮಂಜರಿ ಅಜ್ಜಿಯ ಕೈಯಲ್ಲೇ ಬೆಳೆದವಳು. ಅವಳ ಹುಟ್ಟುಹಬ್ಬಕ್ಕೆ ಓಂಕಾರ್ ಎರಡು ಜರ್ಬಿಲ್ ತಂದ. ಮರಳುಗಾಡಿನ ಇಲಿಯ ಜಾತಿ, ಬಾಲದ ತುದಿಗೆ ಕುಚ್ಚು, ಎರಡೂ ಅಕ್ಕತಂಗಿಯರು. ಮಂಜರಿ ಒಂದಕ್ಕೆ ಶೇಂಗಾ, ಇನ್ನೊಂದಕ್ಕೆ ಚಿಕ್ಕಿ ಎಂದು ಹೆಸರಿಟ್ಟಳು. ಒಂದರ ಮೈಮೇಲೊಂದು ಬಿದ್ದು ಮಲಗುತ್ತಿದ್ದ ಅವನ್ನು ನೋಡದೆ ಅವಳು ಶಾಲೆಗೆ ಹೋಗುತ್ತಿರಲಿಲ್ಲ. ಮಾರಿದ ಅಂಗಡಿಯವನು ಕಾಳಿನ ಪೊಟ್ಟಣ ಕೊಟ್ಟನೇ ಹೊರತು ತಿಳಿವಳಿಕೆಯ ಮಾತು ಒಂದನ್ನೂ ಹೇಳಲಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನರಕ ಚತುರ್ದಶಿಯ ಬೆಳಿಗ್ಗೆ ನಾನು ಪಕ್ಕದ ಮನೆಯಿಂದ ಫರಾಳದ ತಿಂಡಿಗಳ ತಾಟು ಹಿಡಿದು ಹೋದಾಗ ಮನೆಯವರ ಎಣ್ಣೆಸ್ನಾನವೆಲ್ಲ ಮುಗಿದಿತ್ತು. ಅಂಬಕ್ಕನ ಅಂಗೈಯಲ್ಲಿ ಶೇಂಗಾ ಇತ್ತು.

"ಹಬ್ಬದ ದಿನಾ ಇವಷ್ಟ ಯಾಕ ಜಳಕಾ ಇಲ್ದ ಇರಬೇಕ್ರಿ?" ಎಂದರು.

ಎರಡು ಹನಿ ಎಣ್ಣೆ, ಮೈಗೆ ತಿಕ್ಕುವ ಘಮಘಮಿಸುವ ಉಟಣೆ ಪುಡಿ ಒಂದು ಚಿಟಿಕೆ, ಬೆಚ್ಚನೆಯ ನೀರು. ಸೆರಗಿನಲ್ಲಿ ಒರೆಸಿ, ಕೂಸಿಗೆ ಹಿಡಿಯುವಂತೆ ಧೂಪದ ಹೊಗೆಯನ್ನೂ ಹಿಡಿದರು. ಮಂಜರಿ ಚಪ್ಪಾಳೆ ತಟ್ಟಿದಳು. ತಡೆಯಬೇಕೆಂದು ನನಗೂ ತೋಚಲಿಲ್ಲ, ನಗುತ್ತಾ ನಿಂತಿದ್ದೆ.

ಶೇಂಗಾಳನ್ನು ಪಂಜರಕ್ಕೆ ಬಿಟ್ಟಾಗ ಚಿಕ್ಕಿ ಮೂಸಿ ನೋಡಿತು. ಹಿಂದೆ ಸರಿದು ಹಿಂಗಾಲಿನಿಂದ ನೆಲಕ್ಕೆ ದಬದಬ ಬಡಿಯಿತು.

"ನೋಡ ಮಂಜೂ, ಅಕ್ಕ ಜಳಕಾ ಮಾಡಿ ಬಂದಾಳಂತ ಕುಣೀಲಿಕ್ಹತ್ತದ," ಎಂದರು ಅಂಬಕ್ಕ. ಎರಡೂ ಎದ್ದು ನಿಂತು ಮುಂಗಾಲು ಬೀಸಿದಾಗಲೂ, "ಹುಡಿಗ್ಯಾರ ಗತೆ ಫುಗಡಿ ಆಡ್ತಾವ!" ಎಂದು ನಕ್ಕರು. ಮರುಗಳಿಗೆಯಲ್ಲಿ ಎರಡೂ ಒಂದೇ ಉಂಡೆಯಾಗಿ ಉರುಳಿದವು. ಓಂಕಾರ್ ಡಬ್ಬಿ ಅಡ್ಡ ಹಿಡಿದು ಬಿಡಿಸುವಷ್ಟರಲ್ಲಿ ಶೇಂಗಾಳ ಬಾಲದ ಬುಡದಿಂದ ರಕ್ತ ಇಳಿಯುತ್ತಿತ್ತು. ಮಂಜರಿ ಕಿರುಚಿಕೊಂಡಳು.

ಪ್ರಾಣಿಗಳ ಡಾಕ್ಟರು ಗಾಯಕ್ಕೆ ಮದ್ದು ಹಚ್ಚಿ, ಮಂಜರಿಗೂ ತಿಳಿಯುವಂತೆ ಮರಾಠಿಯಲ್ಲಿ ಎಲ್ಲ ವಿವರಿಸಿದರು. ಈ ಪ್ರಾಣಿಗಳು ಮರಳಿನಲ್ಲಿ ಹೊರಳಿ ಮೈ ತೊಳೆದುಕೊಳ್ಳುತ್ತವೆ, ನೀರು ಬೇಡ. ತಮ್ಮವರನ್ನು ಗುರುತಿಸುವುದು ವಾಸನೆಯಿಂದ. ಕಾಲು ಬಡಿದದ್ದು ಅಪಾಯದ ಸೂಚನೆ, ಕುಣಿತವಲ್ಲ. ಚಿಕ್ಕಿಯ ಪಾಲಿಗೆ ಮನೆಯೊಳಗೆ ಯಾರೋ ಹೊರಗಿನವರು ನುಗ್ಗಿದ್ದರು. ಪಂಜರದ ನಡುವೆ ಜಾಳಿಗೆ ಹಾಕಿ, ದಿನವೂ ಎರಡರ ಜಾಗ ಅದಲುಬದಲು ಮಾಡಿ. ವಾಸನೆ ಬೆರೆತರೆ ಒಪ್ಪಿಕೊಂಡೀತು, ಖಾತ್ರಿ ಇಲ್ಲ ಎಂದರು.

ಅಂಬಕ್ಕ ಪಂಜರದ ಮುಂದೆ ಮಣೆ ಹಾಕಿಕೊಂಡು ಕೂತರು. ಈಗ ಪ್ರತಿಯೊಂದು ಚಲನೆಯೂ ಅವರಿಗೆ ಅರ್ಥವಾಗುತ್ತಿತ್ತು, ಅದೇ ಸಂಕಟ. ಶೇಂಗಾ ಮೂಲೆಯಲ್ಲಿ ಮುದುಡಿ ಅರೆಗಣ್ಣು ಮುಚ್ಚಿರುತ್ತಿತ್ತು. ಮಣ್ಣು ಕೆದರುತ್ತಿರಲಿಲ್ಲ, ಕಾಳು ಹಾಗೇ ಉಳಿಯುತ್ತಿತ್ತು. ಆಗೀಗ ಜಾಳಿಗೆಯವರೆಗೆ ಬಂದು ಮೂತಿ ಚಾಚುತ್ತಿತ್ತು. ಆಚೆಯಿಂದ ಮತ್ತೆ ದಬದಬ.

"ತಿಳೀದ ಮೈ ಮುಟ್ಟಿದ್ನಲ್ರಿ," ಎಂದರು ನನ್ನೆದುರು. "ಇಷ್ಟ ವರ್ಷ ಎಲ್ಲಾ ತಿಳೀತದ ಅಂತ ಮೆರದೆ." ನಿಮ್ಮದೇನು ತಪ್ಪು ಎಂದು ಹೇಳಹೊರಟೆ, ಸುಳ್ಳೆನಿಸಿತು.

ಹದಿಮೂರನೆಯ ದಿನ ಜಾಳಿಗೆ ತೆಗೆದರು. ಶೇಂಗಾ ನೆಲಕ್ಕೆ ಮೈ ಚಪ್ಪಟೆ ಮಾಡಿ ಹತ್ತಿರ ಹೋಯಿತು. ಚಿಕ್ಕಿ ಎಗರಿತು. ಓಂಕಾರ್ ಮತ್ತೆ ಬಿಡಿಸಿದ. ಡಾಕ್ಟರು, ಇನ್ನು ಇವು ಜೀವನಪೂರ್ತಿ ಬೇರೆ ಬೇರೆಯೇ ಎಂದರು. ಮಂಜರಿ ಅಳಲಿಲ್ಲ, ಅಜ್ಜಿಯ ಜೊತೆ ಮಾತನ್ನೂ ಆಡಲಿಲ್ಲ.

ಮರುದಿನ ರವಿವಾರ, ಅವಳ ತಲೆಸ್ನಾನ. ನಾನೂ ಸುರಭಿಯೂ ಅಲ್ಲೇ ಇದ್ದೆವು. ಅಂಬಕ್ಕ ಎಣ್ಣೆ ಬಿಸಿ ಮಾಡಿ ಕರೆದರು. ಮಂಜರಿ ಬಾಗಿಲಿಗೆ ಅಂಟಿಕೊಂಡು ನಿಂತಳು.

"ಬಾ ಪುಟ್ಟಾ, ನೀರು ಆರತದ."

"ನೀ ಬ್ಯಾಡ ಅಜ್ಜಿ," ಎಂದಳು. "ಮಮ್ಮಿಗೆ ನನ್ನ ಗುರ್ತ ಸಿಗಲಿಲ್ಲಂದ್ರ?"

ಅಂಬಕ್ಕ ಅವಳತ್ತ ಕೈ ಚಾಚಿದರು. ಹುಡುಗಿಯ ಮುಷ್ಟಿ ಬಿಗಿಯಾಗಿತ್ತು. ಅವರು ಕೈ ಹಿಂದೆಗೆದುಕೊಂಡು, ಎಣ್ಣೆಯ ಬಟ್ಟಲನ್ನು ಸೊಸೆಯ ಕಡೆಗೆ ಸರಿಸಿದರು.

"ಸುರಭೀ," ಎಂದರು, "ಇನ್ನ ಮ್ಯಾಲ ಇಕೀಗೆ ನೀನ ಎರಿ."