ನೋಡದೆ ಬರೆದ ಹನ್ನೆರಡನೇ ಕಂತು

ನಿನ್ನೆ ಸಂಜೆ ಲೋಕಲ್ ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗಿಯ ಫೋನಿನಲ್ಲಿ ಜಪಾನಿ ಕಾರ್ಟೂನು, ಅನಿಮೆ, ಓಡುತ್ತಿತ್ತು. ಇಣುಕಿ ನೋಡುವುದು ಕೆಟ್ಟ ಚಾಳಿ, ಗೊತ್ತು, ಆದರೂ ನೋಡಿದೆ. ತಿಳಿ ಹಳದಿ ಬೆಳಕಿನ ಅಡಿಗೆಮನೆ, ಅಲ್ಲೊಬ್ಬ ತಾಯಿ. ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡು ಕಣ್ಣು ಮುಚ್ಚಿ ನಗುತ್ತಿದ್ದಳು. ಆ ಫೋನನ್ನು ಅಂಗೈಯಿಂದ ಮುಚ್ಚಿಬಿಡಬೇಕೆಂದು ಕೈ ಮುಂದಕ್ಕೆ ಹೋಯಿತು ಕೂಡ. ಹುಡುಗಿ ದುರುಗುಟ್ಟಿ ನೋಡಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ... ಎದುರು ಮನೆಯ ಆಂಟಿ ನೆನಪಾದರು.

ಆಗ ನಾವು ಕುರ್ಲಾದಲ್ಲಿದ್ದೆವು, ನಾಲ್ಕನೇ ಮಹಡಿ. ನಮ್ಮದು ಮೈಸೂರಿನ ಕಡೆ, ಅಪ್ಪನಿಗೆ ಬ್ಯಾಂಕಿನ ಕೆಲಸ. ಎದುರು ಬಾಗಿಲಿನವರು ಉಡುಪಿಯವರು. ಆಂಟಿಯ ಗಂಡ ಫೋರ್ಟಿನ ಒಂದು ಹೋಟೆಲಿನಲ್ಲಿ ಅಡಿಗೆಯವರು. ಬೆಳಗ್ಗೆ ನಾವು ಹಾಲು ಕಾಯಿಸುವಷ್ಟರಲ್ಲಿ ಹೊರಟುಹೋಗಿರುತ್ತಿದ್ದರು. ಮನೆಯಲ್ಲಿ ಇರುತ್ತಿದ್ದವರು ಆಂಟಿ ಮತ್ತು ಐದನೇ ಕ್ಲಾಸಿನ ಮಗಳು, ಇಬ್ಬರೇ.

ನಾನು ಬಿ.ಕಾಂ. ಓದುತ್ತಿದ್ದೆ. ಓದಿಗಿಂತ ಹೆಚ್ಚು ಅನಿಮೆ ನೋಡುತ್ತಿದ್ದೆ, ನೋಡಿದ್ದಕ್ಕೆಲ್ಲ ಇಂಟರ್‌ನೆಟ್ಟಿನಲ್ಲಿ ವಿಮರ್ಶೆ ಬರೆಯುತ್ತಿದ್ದೆ. ಕತೆಗೆ ಹತ್ತಕ್ಕೆ ಇಷ್ಟು, ಪಾತ್ರಗಳಿಗೆ ಇಷ್ಟು, ಚಿತ್ರಕ್ಕೆ ಇಷ್ಟು. ಹತ್ತೊಂಬತ್ತರ ಸೊಕ್ಕು ಬೇರೆ! ನೆಟ್ಟಗೆ ಒಂದು ಗೆರೆ ಎಳೆಯಲು ಬಾರದವಳು ಜಪಾನಿನ ಚಿತ್ರಕಾರರಿಗೆ ನಾಲ್ಕು ಕೊಟ್ಟು ಕೂರಿಸುತ್ತಿದ್ದೆ.

ಒಂದು ಶನಿವಾರ ಆಂಟಿ ಬಂದು ಕೇಳಿದರು. "ನೀನು ಆ ಜಪಾನಿನದ್ದಕ್ಕೆಲ್ಲ ಮಾರ್ಕು ಕೊಡ್ತೀಯಂತಲ್ಲ. ಇವಳು ನೋಡುವ ಮೊದಲು ನೀನು ಪೂರ್ತಿ ನೋಡಿ ನನಗೆ ಹೇಳ್ತೀಯಾ? ಬೇರೆ ಎಂತದೂ ಬೇಡ. ಅದರಲ್ಲಿ ಅಮ್ಮ ಸಾಯ್ತಾಳಾ ಇಲ್ಲವಾ, ಅಷ್ಟೇ."

ನಾನು ನಕ್ಕುಬಿಟ್ಟೆ. ಆಂಟಿ ನಗಲಿಲ್ಲ. ನಮ್ಮಮ್ಮ ಕೆಳಗೆ ತರಕಾರಿಗೆ ಹೋಗಿದ್ದಾರೆಂದು ಖಾತ್ರಿ ಮಾಡಿಕೊಂಡು ಬಾಗಿಲು ಮುಂದೆ ಮಾಡಿದರು. ಪರೇಲಿನ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬಂದದ್ದು, ಹೊಟ್ಟೆಯಲ್ಲಿರುವುದು ಅಲ್ಸರ್ ಅಲ್ಲವೆಂಬುದು, ಡಾಕ್ಟರು ಹೇಳಿದ ಕಾಲ ಬಹಳ ಕಡಿಮೆ ಎಂಬುದು... ಎಲ್ಲವನ್ನೂ ಅಂಗಡಿಯ ಪಟ್ಟಿ ಓದಿದ ಹಾಗೆ ಹೇಳಿದರು. ಮಗಳಿಗೆ ಮಾತ್ರ ಅಲ್ಸರ್ ಎಂದೇ ಹೇಳಿದ್ದರು.

"ಹೋದ ವಾರ ಒಂದರಲ್ಲಿ ಅಮ್ಮ ಸತ್ತಳು ಮಾರಾಯ್ತಿ. ಇವಳು ಟಿವಿ ಬಿಟ್ಟು ತಿರುಗಿ ನನ್ನ ಮುಖ ನೋಡಿದಳು. ನನಗೆ ಮುಖ ಹಿಡಿದಿಟ್ಟುಕೊಳ್ಳಲಿಕ್ಕೆ ಆಗಲಿಲ್ಲ. ಇನ್ನೊಂದು ಸಲ ಹಾಗಾದರೆ ಅವಳಿಗೆ ಗೊತ್ತಾಗಿ ಹೋಗ್ತದೆ. ನೋಡಲೇಬೇಡ ಅಂದ್ರೆ ಯಾಕೆ ಅಂತ ಕೇಳ್ತಾಳೆ. ಅವಳ ಪರೀಕ್ಷೆ ಒಂದು ಮುಗೀಲಿ, ನಾನೇ ಹೇಳ್ತೇನೆ."

ಅಂದಿನಿಂದ ಅನಿಮೆ ನೋಡುವುದೇ ನನಗೆ ಹೆದರಿಕೆಯಾಯಿತು. ತೆರೆಯ ಮೇಲೆ ಯಾವ ತಾಯಿ ಕಾಣಿಸಿಕೊಂಡರೂ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಅವಳು ಕೆಮ್ಮಿದರೆ ಭಯ. ಮಗಳಿಗೆ ಛತ್ರಿ ಕೊಟ್ಟು ಕಳಿಸಿ ಬಾಗಿಲಲ್ಲಿ ಎರಡು ಕ್ಷಣ ಹೆಚ್ಚು ನಿಂತರೂ ಭಯ. ನನ್ನ ವಿಮರ್ಶೆಯ ಮೂರು ಸಾಲಿನ ಕೆಳಗೆ ಆಂಟಿಗಾಗಿ ನಾಲ್ಕನೆಯದೊಂದು ಸಾಲು ಬಂತು: ಅಮ್ಮ. ಇದ್ದಾಳೆ, ಅಥವಾ ಇಲ್ಲ. ಅಯ್ಯೋ ದೇವರೇ, ಎಷ್ಟೊಂದರಲ್ಲಿ ಇಲ್ಲ! "ಎಂತದು, ಜಪಾನಿನಲ್ಲಿ ಹೆಂಗಸರು ಹಡೆದ ಕೂಡಲೇ ಹೋಗಿಬಿಡ್ತಾರಾ?" ಎಂದು ಆಂಟಿ ಕೇಳಿದರೆ ಇಬ್ಬರಿಗೂ ನಗು ಬಂದುಬಿಡುತ್ತಿತ್ತು. ನಕ್ಕ ಮೇಲೆ ಆಂಟಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದರು.

ಮಗಳು ಶಾಲೆಯಲ್ಲಿರುವಾಗ ಅವರೂ ನನ್ನ ಜೊತೆ ಒಂದೆರಡು ಕಂತು ನೋಡತೊಡಗಿದರು. ಅವರ ಕಣ್ಣಿನ ಮುಂದೆ ನನ್ನ ವಿಮರ್ಶೆ ಯಾವ ಮೂಲೆಗೆ! "ಈ ಅಮ್ಮನಿಗೆ ಚಿತ್ರ ಬರೆದವನು ಕಣ್ಣೇ ಬರೆದಿಲ್ಲ ನೋಡು, ಯಾವಾಗಲೂ ಮುಚ್ಚಿಕೊಂಡು ನಗ್ತಾಳೆ. ಇವಳನ್ನು ಉಳಿಸುವ ಮನಸ್ಸಿಲ್ಲ ಅವನಿಗೆ," ಎಂದರೆ ಅವಳು ಐದನೇ ಕಂತು ದಾಟುತ್ತಿರಲಿಲ್ಲ. ಜಡೆ ಮುಂದಕ್ಕೆ ಬಂದಿದ್ದರೆ, ಒಗೆದು ಮಾಸಿದ ಸೀರೆಯಂಥ ತೆಳು ಬಣ್ಣ ಹಚ್ಚಿದ್ದರೆ, ಮಾತು ಮೆತ್ತಗಿದ್ದರೆ ಅವಳ ಕತೆ ಮುಗಿಯಿತು. ಏಪ್ರನ್ನಿನ ಮೇಲೆ ಎಣ್ಣೆಯ ಕಲೆ ಬರೆದಿದ್ದರೆ, ಮಗಳಿಗೆ ಚೆನ್ನಾಗಿ ಬೈಯುತ್ತಿದ್ದರೆ ಅವಳು ಉಳಿಯುತ್ತಾಳೆ. ಅದನ್ನೆಲ್ಲ ನಾನು ನನ್ನದೇ ಜಾಣತನವೆಂಬಂತೆ ಬರೆದೆ, ಜನ ಮೆಚ್ಚಿಕೊಂಡರು.

ಆಮೇಲೆ ಆ ಸೀರೀಸ್ ಬಂತು. ಕಡಲ ಪಕ್ಕದ ಊರು, ಒಂದು ಬ್ರೆಡ್ ಅಂಗಡಿ, ತಾಯಿ ಮಗಳು. ತಾಯಿ ಗಟ್ಟಿ ಗಂಟಲಿನವಳು, ಕಣ್ಣು ಅಗಲವಾಗಿ ಬಿಟ್ಟು ಊರಿಗೆಲ್ಲ ಬೈಯುವವಳು, ಮೈತುಂಬ ಹಿಟ್ಟು. ಎಂಟು ಕಂತು ನೋಡಿದೆ. ಕೆಲವನ್ನು ಆಂಟಿಯೂ ನೋಡಿ, "ಇವಳು ಗಟ್ಟಿ ಉಂಟು, ಇವಳಿಗೆ ಎಂತ ಆಗುವುದಿಲ್ಲ," ಎಂದರು. ಇದ್ದದ್ದು ಹನ್ನೆರಡು. ನನಗೆ ಮರುವಾರ ಪರೀಕ್ಷೆ. "ಪೂರ್ತಿ ನೋಡಿದೆಯಾ?" ಎಂದು ಕೇಳಿದಾಗ ಹೂಂ ಎಂದೆ. ಅಮ್ಮ ಇದ್ದಾಳೆ ಎಂದು ಬರೆದುಕೊಟ್ಟೆ.

ಕೊನೆಯ ಪರೀಕ್ಷೆ ಮುಗಿಸಿ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಗೆಳತಿಯರ ಜೊತೆ ದೋಸೆ ತಿನ್ನುತ್ತಿದ್ದೆ. ಒಬ್ಬಳು ಅದೇ ಸೀರೀಸಿನ ಮಾತೆತ್ತಿದಳು. "ಯಾರ್, ಟ್ವೆಲ್ಫ್ತ್ ಎಪಿಸೋಡ್‌ನಲ್ಲಿ ಅವಳ ಮಮ್ಮಿ ಸತ್ತಾಗ ನಾನು ಎಷ್ಟು ಅತ್ತೆ ಗೊತ್ತಾ?"

ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ. ಆ ದಿನ ಶನಿವಾರ, ಆಂಟಿಯ ಮಗಳು ಮನೆಯಲ್ಲಿರುತ್ತಾಳೆ, ಹಿಂದಿನ ದಿನ ಹತ್ತನೆಯದನ್ನು ಮುಗಿಸಿದ್ದಳು. ಆಂಟಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸ್ಟೇಷನ್ನಿಗೆ ಓಡಿದೆ. ಸಿಕ್ಕಿದ್ದು ಸ್ಲೋ ಲೋಕಲ್. ಮಸ್ಜಿದ್, ಭಾಯ್‌ಖಳಾ, ದಾದರ್... ಪ್ರತಿ ಸ್ಟೇಷನ್ನಿನಲ್ಲೂ ಅದು ನಿಂತಾಗ ಆ ಹುಡುಗಿ ತಿರುಗಿ ತಾಯಿಯ ಮುಖ ನೋಡುತ್ತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು. ಸಾಯನ್ ದಾಟುವಾಗ ಮತ್ತೆ ಫೋನ್ ಮಾಡಿದೆ, ಎತ್ತಲಿಲ್ಲ. ಅಂಥ ಹೆದರಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ನನ್ನ ಹೆರಿಗೆಯ ದಿನವೂ ಆಗಲಿಲ್ಲ.

ನಾಲ್ಕು ಮಹಡಿ ಒಂದೇ ಉಸಿರಿಗೆ ಹತ್ತಿದೆ. ಅವರ ಬಾಗಿಲು ತೆರೆದೇ ಇತ್ತು. ಟಿವಿಯಲ್ಲಿ ಕೊನೆಯ ಹಾಡು ಮುಗಿಯುತ್ತಿತ್ತು. ಹುಡುಗಿ ನೆಲದ ಮೇಲೆ, ಟಿವಿಗೆ ಬೆನ್ನು ಹಾಕಿ, ತಾಯಿಯ ಎದುರು ಕೂತಿದ್ದಳು. ಆಂಟಿ ಬೀನ್ಸ್ ಮುರಿಯುತ್ತಿದ್ದರು.

"ಮಮ್ಮಿ, ಉಸ್ಕಿ ಮಮ್ಮಿ ಮರ್ ಗಯೀ. ಮತ್ತೆ ಅವಳು ನೆಕ್ಸ್ಟ್ ಡೇ ಸ್ಕೂಲ್‌ಗೆ ಹೋಗ್ತಾಳೆ. ಐಸಾ ಥೋಡೀ ಹೋತಾ ಹೈ, ಹಾಗೆಲ್ಲ ಆಗುವುದಿಲ್ಲ! ಸ್ಟೋರಿ ಫೇಕ್ ಉಂಟು. ಹತ್ತಕ್ಕೆ ಎರಡು."

ಆಂಟಿ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು. ನಾನು ಕೈ ಮುಗಿದೆ. ಅವರು ಮುಖ ಮಗಳ ಕಡೆಗೇ ತಿರುಗಿಸಿದರು, ಈ ಸಲ ಮುಚ್ಚಿಡಲು ಹೋಗಲಿಲ್ಲ.

"ಮರುದಿನವೇ ಹೋಗುವುದು ಸುಳ್ಳು. ಹದಿನೈದು ದಿನ ಅಳಬಹುದು. ಆಮೇಲೆ ಹೋಗಬೇಕು. ಅದು ಸರಿಯಾಗಿಯೇ ಉಂಟು," ಎಂದರು. "ಟಿಫಿನ್ ಅಪ್ಪ ಮಾಡಿಕೊಡ್ತಾರೆ."

ಆ ಕತೆಯಲ್ಲಿ ಅಪ್ಪನೇ ಇರಲಿಲ್ಲ. ಹುಡುಗಿ ಒಂದು ಬೀನ್ಸ್ ಎತ್ತಿಕೊಂಡು ಮುರಿದಳು.

"ಯಾರ ಅಪ್ಪ? ನಮ್ಮ ಅಪ್ಪನಾ?"

"ಹೌದು ಮಗಾ. ನಮ್ಮ ಅಪ್ಪ."

ಅವಳು ಚೀರಲಿಲ್ಲ. ತಾಯಿಯ ಮಡಿಲಲ್ಲಿದ್ದ ಬೀನ್ಸಿನ ಮೊರವನ್ನು ಎತ್ತಿ ಪಕ್ಕಕ್ಕಿಟ್ಟು, ಅಲ್ಲಿ ತಲೆಯಿಟ್ಟು ಮಲಗಿದಳು. ನಾನು ಹಿಂದಕ್ಕೆ ಸರಿದು ನಮ್ಮ ಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಎರಡು ದಿನ ಬಿಟ್ಟು ಆಂಟಿ ಮೆಟ್ಟಿಲಲ್ಲಿ ಸಿಕ್ಕರು. "ನೀನು ಪೂರ್ತಿ ನೋಡಿರಲಿಲ್ಲ, ಅಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. "ಹೇಳಬೇಕಿತ್ತು ನೀನು," ಎಂದಷ್ಟೇ ಅಂದರು. ಬೈದಿದ್ದರೆ ನನ್ನ ಪಾಪ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ... ಮತ್ತೆ ಅವರು ನನ್ನ ಹತ್ತಿರ ಏನನ್ನೂ ನೋಡಿ ಹೇಳು ಎಂದು ಕೇಳಲಿಲ್ಲ. ಕೇಳುವ ಅಗತ್ಯವೂ ಉಳಿದಿರಲಿಲ್ಲ. ಮಗಳ ಪರೀಕ್ಷೆಗೆ ಇನ್ನೂ ಒಂದು ತಿಂಗಳಿರುವಾಗಲೇ ಹೋಗಿಬಿಟ್ಟರು. ಹದಿನಾರನೆಯ ದಿನ ಬೆಳಗ್ಗೆ ಹುಡುಗಿ ಯೂನಿಫಾರ್ಮ್ ಹಾಕಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಹಿಂದೆ ಅವಳಪ್ಪ, ಆ ದಿನ ಹೋಟೆಲಿಗೆ ತಡವಾಗಿ ಹೊರಟವರು, ಕೈಯಲ್ಲಿ ಟಿಫಿನ್ ಡಬ್ಬಿ.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಆಗಾಗ ಫೋನ್ ಮಾಡುತ್ತಾಳೆ. ನಿನ್ನೆ ಲೋಕಲ್ ಇಳಿದ ಮೇಲೆ ನಾನೇ ಮಾಡಿದೆ. ಅದೂ ಇದೂ ಮಾತಾಡಿ, ಆ ಬ್ರೆಡ್ ಅಂಗಡಿಯ ಸೀರೀಸ್ ನೆನಪಿದೆಯಾ ಎಂದು ಕೇಳಿದೆ, ಹೆದರುತ್ತಲೇ.

"ಪ್ರತಿ ವರ್ಷ ನೋಡ್ತೇನೆ ಅಕ್ಕ. ಆ ಮಮ್ಮಿ ಬೈಯುವಾಗ ಸೇಮ್ ನಮ್ಮ ಮಮ್ಮಿ. ಹನ್ನೊಂದನೇ ಎಪಿಸೋಡಿಗೆ ಬಂದ್ ಮಾಡ್ತೇನೆ, ಅಷ್ಟೇ." ಆಮೇಲೆ ಕೇಳಿದಳು, "ನೀವು ಲಾಸ್ಟ್ ಎಪಿಸೋಡ್ ನೋಡಿದ್ರಾ, ಅಕ್ಕ?"

ಈ ಸಲ ಸುಳ್ಳು ಹೇಳಲಿಲ್ಲ. ಇಲ್ಲ, ಇವತ್ತಿಗೂ ನೋಡಿಲ್ಲ, ನನಗೆ ಹೆದರಿಕೆ ಎಂದೆ.