ಮನಿಯವರ ಕಟ್ಟು

ನನ್ನ ಹೆಂಡತಿಯ ಕಾಲು ಮುರಿಯದೆ ಹೋಗಿದ್ದರೆ ಅವಳು ಆ ಆಟವನ್ನು ಮುಟ್ಟುತ್ತಿರಲಿಲ್ಲ. ನಾನೂ ನಲವತ್ತು ದಾಟಿದ ಮೇಲೆ, ಕಟ್ಟಿಕೊಂಡ ಹೆಂಡತಿಯ ಮೇಲೆಯೇ ಹೊಟ್ಟೆಕಿಚ್ಚು ಪಡುವ ಗಂಡನಾಗುತ್ತಿರಲಿಲ್ಲ.

ಹೈದರಾಬಾದಿನ ಮಿಯಾಪುರ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಮೇಲೆ ಮಳೆನೀರು ನಿಂತಿತ್ತು. ಅವಳು ಜಾರಿ ಬಿದ್ದಳು, ಪಾದದ ಕೀಲಿನ ಮೂಳೆ ಬಿರುಕು ಬಿಟ್ಟಿತು. ಡಾಕ್ಟರು ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ, ನೆಲಕ್ಕೆ ಕಾಲು ಊರಬಾರದೆಂದು ಹೇಳಿ ಕಳಿಸಿದರು. ಕೊಂಡಾಪುರದ ಒಂದು ವಿಮಾ ಕಚೇರಿಯಲ್ಲಿ ಅವಳ ಕೆಲಸ. ಬಂದ ಕ್ಲೇಮುಗಳನ್ನು ಓದಿ ಯಾವುದು ಸರಿ, ಯಾವುದು ಸುಳ್ಳು ಎಂದು ತೀರ್ಮಾನಿಸುವುದು. ದಿನವಿಡೀ ಜನರಿಗೆ ಬೇಡ, ಆಗದು, ಇಲ್ಲ ಎಂದು ಹೇಳಿ ರೂಢಿಯಾದವಳು ಒಮ್ಮೆಲೇ ಸೋಫಾದ ಮೇಲೆ ಕಾಲು ಚಾಚಿ ಕೂರುವಂತಾಯಿತು. ಟಿವಿ ಅವಳಿಗೆ ಹಿಡಿಸದು. ಕಲಬುರಗಿಯ ಅಕ್ಕತಂಗಿಯರೊಂದಿಗೆ ಫೋನಿನಲ್ಲಿ ಎಷ್ಟೆಂದು ಮಾತಾಡಿಯಾಳು. ಒಂದು ವಾರ ಕಳೆಯುವುದರೊಳಗೆ ಗೋಡೆಯ ಮೇಲಿನ ಹಲ್ಲಿಯ ಜೊತೆಗೂ ಜಗಳ ತೆಗೆಯುವ ಹಾಗಾಗಿದ್ದಳು.

ಆಗ ನಾನೇ, ನನ್ನ ಕೈಯಾರೆ, ಲ್ಯಾಪ್‌ಟಾಪನ್ನು ಅವಳ ತೊಡೆಯ ಮೇಲಿಟ್ಟೆ.

ಆ ಆಟವನ್ನು ನಾನು ವರ್ಷಗಳಿಂದ ಆಡುತ್ತಿದ್ದೆ. ಮಾಂತ್ರಿಕರು, ರಾಕ್ಷಸರು ಇರುವ ಕಾರ್ಡಿನ ಆಟ ಅದು. ಹಾಳುಬಿದ್ದ ಕೋಟೆಯೊಂದನ್ನು ಅಂತಸ್ತು ಅಂತಸ್ತಾಗಿ ಹತ್ತಬೇಕು. ಅಂತಸ್ತಿಗೊಬ್ಬ ವೈರಿ. ನಮ್ಮ ಕೈಯಲ್ಲಿ ಕತ್ತಿ, ಗುರಾಣಿ, ಮಂತ್ರಗಳ ಕೆಲವು ಕಾರ್ಡುಗಳು. ಒಂದು ಕಾಳಗ ಗೆದ್ದರೆ ಮೂರು ಹೊಸ ಕಾರ್ಡು ತೋರಿಸುತ್ತಾರೆ. ಅದರಲ್ಲೊಂದನ್ನು ಆರಿಸಿ ನಮ್ಮ ಕಾರ್ಡಿನ ಕಟ್ಟಿಗೆ ಸೇರಿಸಿಕೊಳ್ಳಬಹುದು, ಬೇಡವಾದರೆ ಬಿಡಬಹುದು. ಪ್ರತಿ ಸರದಿಗೆ ಆ ಕಟ್ಟಿನಿಂದ ಕೆಲವು ಕಾರ್ಡುಗಳಷ್ಟೇ ಕೈಗೆ ಬರುತ್ತವೆ, ಯಾವುವು ಎಂಬುದು ಅದೃಷ್ಟ. ಹೀಗೆ ಕಟ್ಟು ಬೆಳೆಸುತ್ತ ಹೋಗಿ ತುತ್ತತುದಿಯಲ್ಲಿರುವ ಕಲ್ಲಿನ ರಾಣಿಯನ್ನು ಸೋಲಿಸಬೇಕು. ನಡುವೆ ಸತ್ತರೆ ಮತ್ತೆ ಕೆಳಗಿನಿಂದ ಶುರು.

ಬಾಲಾನಗರದ ಒಂದು ಎಂಜಿನಿಯರಿಂಗ್ ವರ್ಕ್ಸಿನಲ್ಲಿ ನಾನು ಡಿಸೈನ್ ನೋಡಿಕೊಳ್ಳುತ್ತೇನೆ. ಅಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಆದರೆ ಆ ಆಟ ಮಾರುವ ಜಾಲತಾಣದಲ್ಲಿ ಆಡಿದವರೆಲ್ಲ ಅಭಿಪ್ರಾಯ ಬರೆಯಬಹುದು. ಅಲ್ಲಿ ನಾನು ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ, ತಲೆಬರಹ ಕೊಟ್ಟು, ಚಿತ್ರಗಳ ಬಗ್ಗೆ ಒಂದು ಭಾಗ, ಸಂಗೀತದ ಬಗ್ಗೆ ಎರಡು ಪ್ಯಾರಾ, ಕಾರ್ಡುಗಳ ಬಲಾಬಲದ ಬಗ್ಗೆ ಒಂದು ಪುಟ. ಈ ಥರದ ಆಟ ಹೊಸದಾಗಿ ಯಾವುದು ಬಂದರೂ ಕೊಂಡು, ಆಡಿ, ಬರೆಯುತ್ತಿದ್ದೆ. ಬೆರಳೆಣಿಕೆಯಷ್ಟು ಜನ ಮೆಚ್ಚುಗೆಯ ಹೆಬ್ಬೆರಳು ಒತ್ತುತ್ತಿದ್ದರು. ಯಾರೋ ಒಬ್ಬರು ಒಮ್ಮೆ ‘ಬಹಳ ವಿವರವಾಗಿದೆ’ ಎಂದು ಬರೆದಿದ್ದರು. ಅದು ಹೊಗಳಿಕೆಯೆಂದೇ ನಾನು ತಿಳಿದಿದ್ದೆ.

ಮೊದಲ ದಿನ ಅವಳ ಪಕ್ಕದಲ್ಲಿ ಕೂತು ಆಟ ಹೇಳಿಕೊಟ್ಟೆ. ಗೆದ್ದ ಮೇಲೆ ಮೂರು ಕಾರ್ಡು ಬಂದವು. ಅದರಲ್ಲಿ ಕಾಡ್ಗಿಚ್ಚಿನ ಕಾರ್ಡೂ ಇತ್ತು. ಅದು ಸಿಗುವುದೇ ಅಪರೂಪ.

“ತಗೋ, ತಗೋ. ಅದು ಎಲ್ಲಾರಿಗೂ ಸಿಗಂಗಿಲ್ಲ” ಅಂದೆ.

“ಬ್ಯಾಡ” ಅಂದಳು.

“ಯಾಕ? ಅದರ ತಾಕತ್ತು ನೋಡು.”

“ತಾಕತ್ತೇನೋ ಐತಿ. ಅದನ್ನ ಹಾಕಾಕ ಮೂರು ಸಲ ಕಾಯಬೇಕಲ್ರಿ. ಅಷ್ಟೊತ್ತಿಗೆ ಆ ರಾಕ್ಷಸ ನನ್ನ ಬಿಡ್ತಾನೇನು?” ಎಂದು ಮೂರನ್ನೂ ಬಿಟ್ಟು ಮುಂದೆ ಹೋದಳು.

ಹೊಸಬರು ಹೀಗೆಯೇ, ನಾಲ್ಕು ಸಲ ಸತ್ತರೆ ಬುದ್ಧಿ ಬರುತ್ತದೆ ಎಂದುಕೊಂಡು ನಾನು ಚಹಾ ಮಾಡಲು ಎದ್ದೆ. ಅವಳ ಆಟ ನನ್ನ ಆಟದೊಳಗೆ ಬೆರೆಯದಿರಲೆಂದು ಅವಳ ಹೆಸರಿನಲ್ಲೇ ಒಂದು ಖಾತೆಯನ್ನೂ ತೆರೆದುಕೊಟ್ಟೆ.

ಕೆಲವು ದಿನ ಕಳೆದವು. ಕ್ಯಾಂಟೀನಿನಲ್ಲಿ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಫೋನ್ ಬಂತು.

“ರೀ, ಈ ರಾಣಿ ಸತ್ತ ಮ್ಯಾಲ ಮುಂದ ಏನು ಮಾಡಬೇಕು?”

“ಯಾವ ರಾಣಿ?”

“ಕಲ್ಲಿಂದು. ಬಿದ್ದಾಳ. ಈಗ ಏನೇನೋ ಹೆಸರು ಬರಾಕತ್ತಾವ.”

ಆ ರಾಣಿಯನ್ನು ಬೀಳಿಸಲು ನನಗೆ ಒಂದು ಇಡೀ ಬೇಸಿಗೆ ಹಿಡಿದಿತ್ತು. ‘ಭಾಳ ಛಲೋ ಆತು’ ಅಂದೆ. ಬಿಚ್ಚಿದ ಡಬ್ಬಿಯನ್ನು ಮತ್ತೆ ಮುಚ್ಚಿದೆ. ನೀರು ಕುಡಿದೆ. ಎದುರಿಗೆ ಕೂತಿದ್ದವರು ಮನೆಯಲ್ಲಿ ಎಲ್ಲ ಸರಿಯಾಗಿದೆಯೇ ಎಂದು ತೆಲುಗಿನಲ್ಲಿ ಕೇಳಿದರು. ಸರಿಯಾಗಿದೆ ಎಂದೆ.

ಅಂದು ಸಂಜೆ ಮನೆಗೆ ಬಂದಾಗ ಅವಳು ಅಭಿಪ್ರಾಯವನ್ನೂ ಬರೆದು ಹಾಕಿ ಆಗಿತ್ತು. ಮನೆಯಲ್ಲಿ ನಾವು ಆಡುವ ಕನ್ನಡದಲ್ಲೇ ಬರೆದಿದ್ದಳು. ಅದು ನನಗೆ ಬಾಯಿಗೆ ಬರುತ್ತದೆ, ಅಷ್ಟು ಸಲ ಓದಿದ್ದೇನೆ:

“ಆಟ ಛಲೋ ಐತಿ. ಕಾರ್ಡು ಚೆಂದ ಅದಾವ. ಚೆಂದ ಅದಾವಂತ ಎಲ್ಲಾ ತಗೋಬ್ಯಾಡ್ರಿ. ನಮ್ಮ ಮನಿಯವರು ಕೊಟ್ಟದ್ದೆಲ್ಲಾ ತಗೋತಾರ. ಅವರ ಕಟ್ಟು ಮದುವಿ ಮನಿ ಇದ್ದಂಗ, ಎಲ್ಲಾರೂ ಬಂದಿರ್ತಾರ, ಬೇಕಾದಾಗ ಒಬ್ಬರೂ ಕೈಗೆ ಸಿಗಂಗಿಲ್ಲ. ನಾ ಬ್ಯಾಡ ಅಂತೀನಿ. ರಾಣಿ ಸಾಯ್ತಾಳ. ಒಂದೇ ತಕರಾರು, ನಾವು ಸತ್ತಾಗ ಬರೋ ಸಂಗೀತ ಭಾಳ ಉದ್ದ ಐತಿ. ನಮ್ಮ ಮನಿಯವರು ಆಡೂವಾಗ ದಿನಾ ಕೇಳಿ ಕೇಳಿ ನನಗ ಬಾಯಿಪಾಠ ಆಗೈತಿ.”

“ಇದರಾಗ ನನ್ನ ಯಾಕ ಎಳದಿ?” ಎಂದು ಕೇಳಿದೆ.

“ಉದಾಹರಣೆ ಬೇಕಲ್ರಿ. ನನಗ ಮತ್ಯಾರು ಗೊತ್ತದಾರ ಆಡೋರು?” ಅಂದಳು. ಅವಳ ಮುಖದಲ್ಲಿ ತಮಾಷೆಯೂ ಇರಲಿಲ್ಲ, ಕೊಂಕೂ ಇರಲಿಲ್ಲ.

ಕನ್ನಡದಲ್ಲಿ ಬರೆದದ್ದನ್ನು ಯಾರು ಓದುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಓದಿದರು. ಹುಬ್ಬಳ್ಳಿಯವರು, ಬೀದರಿನವರು, ಮೈಸೂರಿನವರು ಬಂದು ಹೆಬ್ಬೆರಳು ಒತ್ತಿದರು. ಯಾರೋ ಅದನ್ನು ತೆಲುಗಿಗೆ ತಿರುಗಿಸಿ ಹೈದರಾಬಾದಿನ ಆಟಗಾರರ ಗುಂಪೊಂದಕ್ಕೆ ಹಾಕಿದರು, ಇನ್ಯಾರೋ ಇಂಗ್ಲಿಷಿಗೆ ತಂದರು. ಕೆಳಗೆ ಸಾಲುಸಾಲು ಪ್ರಶ್ನೆಗಳು. ‘ಅಕ್ಕಾರ, ಗುರಾಣಿ ಕಾರ್ಡು ಎಷ್ಟು ಇಟ್ಕೋಬೇಕು?’ ‘ಮೇಡಂ, ಎರಡನೇ ಅಂತಸ್ತಿನ ಹಾವಿಗೆ ಏನು ಮಾಡೋದು?’ ಅವಳು ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಎಲ್ಲರಿಗೂ ಒಂದೊಂದು ಸಾಲಿನಲ್ಲಿ ಉತ್ತರ ಕೊಡುತ್ತಿದ್ದಳು. ‘ನಿಮ್ಮ ಮನೆಯವರು ಈಗ ಹೇಗಿದ್ದಾರೆ?’ ಎಂದೂ ಕೆಲವರು ಕೇಳುತ್ತಿದ್ದರು. ‘ನಿನ್ನೆ ಮತ್ತ ಮೂರನೇ ಅಂತಸ್ತಿನಾಗ ಸತ್ತರು’ ಎಂದು ಬರೆಯುತ್ತಿದ್ದಳು. ಅದು ಸುಳ್ಳೂ ಆಗಿರುತ್ತಿರಲಿಲ್ಲ.

ಆಟ ತಯಾರಿಸಿದವರು ನಂತರದ ಆವೃತ್ತಿಯಲ್ಲಿ ಸಾವಿನ ಸಂಗೀತವನ್ನು ಚಿಕ್ಕದು ಮಾಡಿದರು. ಅವಳ ಅಭಿಪ್ರಾಯದ ಕೆಳಗೆ ಬಂದು ಧನ್ಯವಾದವನ್ನೂ ಹೇಳಿದರು. ಅದೇ ಸಂಗೀತದ ಬಗ್ಗೆ ನಾನು ಎರಡು ಪ್ಯಾರಾ ಬರೆದು ಎಷ್ಟೋ ಕಾಲವಾಗಿತ್ತು. ಅಂದು ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಬೇಕೆಂದೇ ಸದ್ದು ಮಾಡಿದೆ. ಹೊಟ್ಟೆಕಿಚ್ಚು ಎಂಬ ಮಾತಿನಲ್ಲಿ ಹೊಟ್ಟೆ ಯಾಕಿದೆ ಎಂದು ಆ ದಿನಗಳಲ್ಲಿ ನನಗೆ ತಿಳಿಯಿತು. ಅದು ನಿಜವಾಗಿ ಅಲ್ಲಿಯೇ, ಎದೆಗೂಡಿನ ಕೆಳಗೆ, ಬೆಚ್ಚಗೆ ಕೂತಿರುತ್ತದೆ. ಬೆಳಿಗ್ಗೆ ಹಲ್ಲುಜ್ಜುವಾಗ ಒಂದಿಷ್ಟೂ ಇಲ್ಲವೆನಿಸುತ್ತದೆ. ಫೋನ್ ತೆರೆದು ಅವಳ ಮೆಚ್ಚುಗೆಗಳು ಎಷ್ಟಾದವೆಂದು ನೋಡಿದ ಕೂಡಲೇ ಮತ್ತೆ ಬರುತ್ತದೆ. ನೋಡದೆ ಇರಬಹುದಿತ್ತು. ನೋಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಒಂದು ಮಾತು. ಅಗತ್ಯಕ್ಕಿಂತ ಹೆಚ್ಚು ಕಾರ್ಡು ತುಂಬಿಕೊಂಡ ಕಟ್ಟನ್ನು ಆ ಗುಂಪಿನವರು ‘ಮನಿಯವರ ಕಟ್ಟು’ ಎಂದು ಕರೆಯತೊಡಗಿದರು. ಕನ್ನಡ ಬಾರದವರೂ ಹಾಗೆಯೇ ಅನ್ನುತ್ತಿದ್ದರು. ‘ಯಾರ್, ಮೇರಾ ತೋ ಮನಿಯವರ ಕಟ್ಟು ಹೋ ಗಯಾ’, ನನ್ನದೂ ಅದೇ ಆಗಿಹೋಯಿತಪ್ಪ, ಎಂದು ಒಬ್ಬ ಬರೆದದ್ದನ್ನು ಅವಳು ನನಗೆ ಓದಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ನಗದಿದ್ದರೆ ಇನ್ನೂ ಕೆಡುತ್ತಿತ್ತು.

ಪ್ಲಾಸ್ಟರ್ ಬಿಚ್ಚಿ, ಅವಳು ಮತ್ತೆ ಆಫೀಸಿಗೆ ಹೋಗತೊಡಗಿದ ಮೇಲೆ, ಆ ಗುಂಪಿನವರು ಒಂದು ಭಾನುವಾರ ಮಧ್ಯಾಹ್ನ ಕೊಂಡಾಪುರದ ಕೆಫೆಯೊಂದರಲ್ಲಿ ಸೇರುವುದೆಂದು ಗೊತ್ತುಮಾಡಿದರು. ಆಟಕ್ಕೆ ಹೊಸದಾಗಿ ಇಬ್ಬರು ಎದುರುಬದುರು ಆಡುವ ವ್ಯವಸ್ಥೆ ಬಂದಿತ್ತು. ಅದರಲ್ಲಿ ಒಂದು ಪಂದ್ಯವೂ ಇತ್ತು. ಅವಳನ್ನು ಕರೆದರು. ಅವಳು ನನ್ನನ್ನು ಕರೆದಳು.

“ನಾ ಒಬ್ಬಾಕಿ ಹೋಗೋದಿಲ್ಲ. ನೀವೂ ಬರ್ರಿ. ಆಡೂವಂತ್ರಿ.”

ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಿದ್ದಳು. ಹೋದೆ.

ಗುಂಪನ್ನು ನಡೆಸುತ್ತಿದ್ದವರು ಹಲ್ಲಿನ ಡಾಕ್ಟರಾಗಿದ್ದ ಒಬ್ಬ ತೆಲುಗು ಹೆಂಗಸು. ಬಾಗಿಲಲ್ಲೇ ನನ್ನ ಹೆಂಡತಿಯ ಕೈ ಹಿಡಿದುಕೊಂಡರು. ಆಮೇಲೆ ನನ್ನನ್ನು ನೋಡಿ, “ಮೀರೇನಾ ಆ ಮನಿಯವರು?”, ನೀವೇನಾ ಅವರು, ಎಂದರು. ಒಳಗಿದ್ದವರೆಲ್ಲ ತಿರುಗಿ ನೋಡಿದರು. ಒಬ್ಬ ಎದ್ದು ಬಂದು ನನ್ನ ಜೊತೆ ಫೋಟೊ ತೆಗೆಸಿಕೊಂಡ. ಈ ಆಟದ ಬಗ್ಗೆ ನಾನು ಬರೆದದ್ದನ್ನು ಯಾರಾದರೂ ಓದಿದ್ದೀರಾ ಎಂದು ಅವನನ್ನು ಕೇಳಬೇಕೆಂದಿದ್ದೆ. ಫೋಟೊಗೆ ನಕ್ಕು ಒಳಗೆ ಹೋದೆ.

ಪಂದ್ಯ ಶುರುವಾಯಿತು. ನಾನು ಕೊಟ್ಟದ್ದೆಲ್ಲ ತೆಗೆದುಕೊಂಡೆ, ಎಂದಿನಂತೆ. ಸಿಟ್ಟಿಗೆ ಇನ್ನಷ್ಟು ತೆಗೆದುಕೊಂಡೆ ಎಂದೇ ಹೇಳಬೇಕು. ಹೇಗೋ ಏನೋ, ಒಬ್ಬೊಬ್ಬರನ್ನೇ ದಾಟುತ್ತ ಹೋದೆ. ಅವಳೂ ದಾಟುತ್ತ ಬಂದಳು. ಕೊನೆಗೆ ಉಳಿದವರು ಇಬ್ಬರೇ. ಗಂಡಹೆಂಡತಿ ಒಂದು ಮೇಜಿನ ಆಚೆ ಈಚೆ ಕೂತೆವು. ಎಲ್ಲರೂ ಕುರ್ಚಿ ಎಳೆದುಕೊಂಡು ಅವಳ ಹಿಂದೆ ಕೂತರು. ನನ್ನ ಬೆನ್ನಿಗೆ ಒಂದು ಏಸಿ ಇತ್ತು.

ಅವಳದು ಚಿಕ್ಕ ಕಟ್ಟು. ಬೇಕಾದ ಕಾರ್ಡು ಬೇಕಾದಾಗ ಕೈಗೆ ಬರುತ್ತಿತ್ತು. ಹೊಡೆತದ ಮೇಲೆ ಹೊಡೆತ ಬಿತ್ತು, ನನ್ನ ಜೀವ ಕೆಳಗಿಳಿಯುತ್ತ ಹೋಯಿತು. ಇನ್ನೊಂದು ಏಟಿಗೆ ನಾನು ಮುಗಿಯುತ್ತಿದ್ದೆ. ಆಗ ನನ್ನ ಮದುವೆಮನೆಯಂಥ ಕಟ್ಟಿನಿಂದ ಕಾಡ್ಗಿಚ್ಚು ಮೇಲೆ ಬಂತು. ಅದನ್ನು ಹಾಕಲು ಮೂರು ಸರದಿ ಕಾದು ಕೂಡಿಸಬೇಕಾದ ಮಂತ್ರಬಲವೂ ಅಷ್ಟರಲ್ಲಿ ಕೂಡಿತ್ತು. ಹಾಕಿದೆ. ಪರದೆಯೆಲ್ಲ ಕೆಂಪಾಯಿತು. ಅವಳು ಸತ್ತಳು.

ಗೆದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅವಳನ್ನು ಸುತ್ತುವರಿದರು. ಗುರಾಣಿ ಇಟ್ಟುಕೊಳ್ಳಬೇಕಿತ್ತೇ, ಮೊದಲ ಹೊಡೆತ ತಪ್ಪಾಯಿತೇ, ಹಿಂದಿನ ಸಲ ಯಾವ ಕಾರ್ಡು ಬಿಟ್ಟಿರಿ, ಇದು ಹೇಗಾಯಿತು ಮೇಡಂ. ಡಾಕ್ಟರು ಬಹುಮಾನದ ಮಗ್ಗನ್ನು ನನ್ನ ಕೈಗೆ ಕೊಡುವಾಗಲೂ ಅವಳ ಮಾತು ಕೇಳಲು ಆ ಕಡೆ ಮುಖ ತಿರುಗಿಸಿದ್ದರು. ನಾನು ಚಹಾದಲ್ಲಿ ಉಸ್ಮಾನಿಯಾ ಬಿಸ್ಕತ್ತು ಅದ್ದಿ ತಿನ್ನುತ್ತ ಕೂತೆ. ಸೋತವಳ ಸೋಲಿನ ಮೇಲೂ ಮನುಷ್ಯನಿಗೆ ಹೊಟ್ಟೆಕಿಚ್ಚಾಗುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮನೆಗೆ ಬರಲು ಆಟೊ ಹತ್ತಿದೆವು. ಅವಳು ಹೊರಗೆ ನೋಡುತ್ತ ಕೂತಿದ್ದಳು. ಆಲ್ವಿನ್ ಕಾಲೊನಿಯ ಕಡೆ ಆಟೊ ಟ್ರಾಫಿಕ್ಕಿನಲ್ಲಿ ನಿಂತಿತು. ಕಾಲು ನೋಯುತ್ತಿದೆಯೇನೋ ಎಂದು ಕೇಳಿದೆ.

“ಕಾಲಿಗೇನೂ ಆಗಿಲ್ಲ” ಅಂದಳು.

“ಮತ್ತ?”

ಹೊರಗೆ ನೋಡುತ್ತಲೇ ಹೇಳಿದಳು. “ನೀವು ಗೆದ್ದದ್ದಕ್ಕ ನನಗ ಬ್ಯಾಸರಿಲ್ಲ ಅಂತ ಹೇಳಬೇಕಂತ ಮಾಡಿದ್ದೆ. ಬಾಯಿ ಬರವಲ್ದು. ಆ ಕಟ್ಟಿನಾಗ ಗೆದ್ರಲ್ರಿ ನೀವು. ಆ ಕಟ್ಟಿನಾಗ. ನಾ ಒಂದೊಂದು ಕಾರ್ಡಿಗೂ ವಿಚಾರ ಮಾಡಿ ಬ್ಯಾಡ ಅಂದೀನಿ. ನೀವು ಯಾವುದಕ್ಕೂ ಬ್ಯಾಡ ಅನ್ನಲಿಲ್ಲ, ನಿಮಗ ಸಿಕ್ತು. ನನಗ ಭಾಳ ಉರ್ಯಾಕತ್ತೈತಿ.”

“ಹೊಟ್ಟಿಕಿಚ್ಚೇನು?”

“ಹೌದು. ಆ ಮಗ್ಗು ಆಚೆ ಕಡೆ ಇಡ್ರಿ, ನನಗ ಕಾಣಬಾರದು.”

ನಾನು ಮಗ್ಗನ್ನು ಬಾಗಿಲ ಕಡೆಗೆ ಸರಿಸಿಕೊಂಡೆ. ಮೈಯೆಲ್ಲ ಹಗುರಾಯಿತು. ಗೆದ್ದಾಗ ಆಗದಿದ್ದ ಖುಷಿ ಆಗ ಆಯಿತು. ಇಷ್ಟು ದಿನ ನಾನೊಬ್ಬನೇ ಆ ಬೆಂಕಿಯ ಹತ್ತಿರ ಕೂತಿದ್ದೆ ಎಂದುಕೊಂಡಿದ್ದೆನಲ್ಲ. ಅವಳ ಕಾಲಿಗೆ ಪ್ಲಾಸ್ಟರ್ ಇದ್ದ ದಿನಗಳಿಂದ ನನಗೂ ಹಾಗೆಯೇ ಆಗುತ್ತಿದೆ ಎಂದು ಹೇಳಿದೆ. ಮೆಚ್ಚುಗೆಗಳನ್ನು ದಿನಾ ನೋಡುತ್ತಿದ್ದುದನ್ನೂ ಹೇಳಿದೆ.

ಅವಳು ತಿರುಗಿ ನನ್ನ ಮುಖ ನೋಡಿದಳು. “ಗೊತ್ತೈತ್ರಿ. ಪಾತ್ರಿ ಕುಕ್ಕೋದು ನೋಡಿನೇ ತಿಳೀತು” ಅಂದಳು. “ಆವಾಗ ನನಗ ಒಂದೀಟು ಖುಷಿನೂ ಆಗ್ತಿತ್ತು.”

ಮಿಯಾಪುರದಲ್ಲಿ ಇಳಿದು ಬಿಸಿ ಮಿರ್ಚಿ ಬಜ್ಜಿ ಕಟ್ಟಿಸಿಕೊಂಡೆವು. ಅವಳು ನನಗಿಂತ ಒಂದು ಹೆಚ್ಚು ತಿಂದಳು, ಬೇಕೆಂದೇ.

ಮರುದಿನ ಕ್ಯಾಂಟೀನಿನಲ್ಲಿ ಫೋನ್ ತೆರೆದೆ. ಇಬ್ಬರು ಆಡುವ ಹೊಸ ವ್ಯವಸ್ಥೆಯ ಬಗ್ಗೆ ಅವಳು ಅಭಿಪ್ರಾಯ ಬರೆದಾಗಿತ್ತು. “ಇಬ್ಬರು ಆಡೋದು ಛಲೋ ಮಾಡ್ಯಾರ. ಆದ್ರ ಒಂದೇ ಮನಿಯವರು ಆಡಬ್ಯಾಡ್ರಿ. ನಿನ್ನೆ ನಮ್ಮ ಮನಿಯವರು ಗೆದ್ದಾರ. ಈಗ ಮನ್ಯಾಗ ಇರೋದು ಕಷ್ಟ ಆಗೈತಿ.” ಬೆಳಗಿನಿಂದ ಅಷ್ಟು ಹೊತ್ತಿಗಾಗಲೇ ನನ್ನ ಎಲ್ಲ ಬರಹಗಳಿಗೂ ಸೇರಿ ಬಂದುದಕ್ಕಿಂತ ಹೆಚ್ಚು ಹೆಬ್ಬೆರಳುಗಳು ಬಿದ್ದಿದ್ದವು. ಅಭಿನಂದನೆಗಳು ಸರ್ ಎಂದು ಒಬ್ಬರೇ ಒಬ್ಬರು ನನಗೆಂದು ಬರೆದಿದ್ದರು. ಅದಕ್ಕೆ ಉತ್ತರ ಬರೆಯಲು ಕೂತೆ. ನಾಲ್ಕು ಪ್ಯಾರಾ ಆಯಿತು.